ಗೀಸರಿನ ಹಳೇ ಕಾಯಿಲು

ಚಪ್ಪಲಿಯನ್ನೂ ಬಿಡದೆ ಬಚ್ಚಲಿಗೆ ನುಗ್ಗಿದ ಶಿವನಂಜಪ್ಪ ಮೊದಲು ಮಾಡಿದ ಕೆಲಸವೆಂದರೆ ಗೋಡೆಯ ಮೇಲಿನ ಗೀಸರಿನ ಪೈಪಿಗೆ ಟೆಸ್ಟರ್ ಒತ್ತಿದ್ದು. ಟೆಸ್ಟರ್ ಹೊತ್ತಿಕೊಳ್ಳಲಿಲ್ಲ. ಅದನ್ನು ತೊಡೆಗೆ ಒಂದು ಸಲ ಬಡಿದು ಮತ್ತೆ ಒತ್ತಿದ. ಆಗಲೂ ಇಲ್ಲ. ಬೆಳಗ್ಗೆ ಅಣ್ಣ ಬಿದ್ದಿದ್ದ ಜಾಗದಲ್ಲಿ ಇನ್ನೂ ನೀರು ನಿಂತಿತ್ತು. ಮಗ್ಗು ಮೂಲೆಗೆ ಉರುಳಿತ್ತು, ಬಕೆಟ್ಟಿನಲ್ಲಿ ಅರ್ಧ ನೀರು ಹಾಗೇ ಉಳಿದಿತ್ತು.

“ಈಗ ಕರೆಂಟಿಲ್ಲ ಅಂದ್ರೆ ಬೆಳಗ್ಗೇನೂ ಇರ್ಲಿಲ್ಲ ಅಂತ್ಲಾ?” ಎಂದು ಅವನು ಗೀಸರನ್ನೇ ಕೇಳಿದ. ಆಮೇಲೆ ಬಾಗಿಲಲ್ಲಿ ನಿಂತಿದ್ದ ಅತ್ತಿಗೆಯ ಕಡೆ ತಿರುಗಿದ. “ಈ ಸ್ವಿಚ್ ಆಫ್ ಮಾಡ್ದೋರು ಯಾರು ಅತ್ಗೆ?”

“ಅವ್ರೇ,” ಎಂದಳು ವಿಮಲಮ್ಮ. “ಬಕೀಟು ತುಂಬ್ಕಂಡು, ಸ್ವಿಚ್ ಆರ್ಸಿ, ಆಮೇಲೆ ನೀರು ಮುಟ್ಟೋರು. ಮೂರು ವರ್ಸದಿಂದ ಅಂಗೇಯ. ನಿಮ್ಮಣ್ಣನ ಬುದ್ಧಿ ನಿಂಗೆ ಗೊತ್ತಿಲ್ವಾ?”

“ಆರ್ಸಿದ್ದ ನೀವು ಕಣ್ಣಾರೆ ಕಂಡ್ರಾ?”

ಕಂಡಿರಲಿಲ್ಲ. ಆಗ ಅವಳು ಒಲೆಯ ಮುಂದೆ ಕಾಫಿಗೆ ಡಿಕಾಕ್ಷನ್ ಇಳಿಸುತ್ತಿದ್ದಳು. ಮಗ್ಗು ಬಿದ್ದ ಸದ್ದಾಯಿತು. “ಏನ್ರೀ?” ಅಂದಳು. ಉತ್ತರ ಬರಲಿಲ್ಲ. ಎದುರು ಮನೆಯ ಸೋಮಶೇಖರ್ ಬಂದು ಚಿಲಕ ಮುರಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವನೇ ಕರೆತಂದ ಡಾಕ್ಟರು ನಾಡಿ ನೋಡಿ, ಕಣ್ಣು ಬಿಡಿಸಿ ನೋಡಿ, ಹಾರ್ಟ್ ಅಟ್ಯಾಕ್ ಎಂದು ಹೇಳಿ ಹೋಗಿದ್ದರು. ಪುಷ್ಯ ಮಾಸದ ಚಳಿ, ಎಪ್ಪತ್ತೊಂದರ ವಯಸ್ಸು. ಅದರಲ್ಲಿ ಅನುಮಾನಪಡುವಂಥದ್ದೇನಿತ್ತು? ಆದರೆ ಶಿವನಂಜಪ್ಪ ಅನುಮಾನಕ್ಕೇ ಹೆಸರಾದ ಷಣ್ಮುಖಪ್ಪನ ತಮ್ಮ. ಸಾಲಿಗ್ರಾಮದಿಂದ ಕಾರು ಮಾಡಿಕೊಂಡು ಬಂದವನು, ಅಳುವ ಮೊದಲೇ ಟೆಸ್ಟರ್ ಕೇಳಿದ್ದ.

“ಡಾಕ್ಟ್ರಿಗೇನು, ಹಾರ್ಟು ಅಂದ್ಬುಟ್ಟು ಹೊಂಟೋದ. ಕಲ್ಲಂಗಿದ್ದ ಮನ್ಸ ಬಚ್ಚಲಲ್ಲಿ ಬೀಳ್ತಾನೆ ಅಂದ್ರೆ ಹಾರ್ಟಾ? ಇದು ಶಾಕು ಕಣತ್ಗೆ. ಆ ಮೆಕ್ಯಾನಿಕ್ ಕಿರಣ ಹಳೇ ಕಾಯಿಲನ್ನೇ ಮತ್ತೆ ಹಾಕಿ ದುಡ್ಡು ಹೊಡ್ಕಂಡ್ನಲ್ಲ, ಅದೇ ಗೀಸರ್ ತಾನೆ ಇದು?”

ಗಂಡ ಹೋದನೆಂಬುದು ಬೆಳಗಿನಿಂದಲೂ ವಿಮಲಮ್ಮನ ತಲೆಗೆ ಪೂರ್ತಿ ಇಳಿದಿರಲಿಲ್ಲ. ಈ ಮಾತು ಮಾತ್ರ ತಕ್ಷಣ ಇಳಿಯಿತು. ಇಷ್ಟು ದಿನ ಊರವರು ಕಿರಣನನ್ನು ಕಳ್ಳ ಎನ್ನುತ್ತಿದ್ದರು. ಇವತ್ತು ಕೊಲೆಗಾರ ಎನ್ನಲು ಹೊರಟಿದ್ದಾರೆ. ಅವನು ಕಳ್ಳನಲ್ಲ ಎಂಬುದು ಈ ಭೂಮಿಯ ಮೇಲೆ ಅವನನ್ನು ಬಿಟ್ಟರೆ ಅವಳೊಬ್ಬಳಿಗೇ ಗೊತ್ತಿತ್ತು.

ಹಜಾರದಲ್ಲಿ ಚಾಪೆಯ ಮೇಲೆ ಷಣ್ಮುಖಪ್ಪ ಮಲಗಿದ್ದ. ಪಿರಿಯಾಪಟ್ಟಣದ ತಂಬಾಕು ಹರಾಜು ಕಟ್ಟೆಯಲ್ಲಿ ಮೂವತ್ತೆರಡು ವರ್ಷ ತೂಕದ ಗುಮಾಸ್ತನಾಗಿದ್ದವನು. ಅನುಮಾನ ಪಡುವುದೇ ಅವನಿಗೆ ಸಂಬಳ ಕೊಟ್ಟ ಕೆಲಸ. ತಂಬಾಕಿನ ಮೂಟೆ, ಅಂದರೆ ಬೇಲಿನ ಹೊಟ್ಟೆಗೆ ಕೈ ಹಾಕಿ, ನಡುವೆ ಒದ್ದೆ ಎಲೆ ತುರುಕಿದ್ದಾರಾ, ಕಲ್ಲು ಸೇರಿಸಿದ್ದಾರಾ ಎಂದು ನೋಡಬೇಕು. ನೋಡಿದ ಮೇಲೆ ಕೆಂಪು ಬಣ್ಣದಲ್ಲಿ ‘ಷ’ ಎಂದು ಬರೆದು ಪಕ್ಕದಲ್ಲಿ ತಾರೀಖು ಹಾಕಬೇಕು. ರಿಟೈರಾದ ಮೇಲೆ ಬೇಲುಗಳು ಕೈಬಿಟ್ಟವು, ಮನೆ ಕೈಗೆ ಸಿಕ್ಕಿತು. ಟಾರ್ಚು, ಕೊಡೆಯ ಹಿಡಿ, ಸ್ಟೀಲ್ ಡಬ್ಬಿ, ಕುಕ್ಕರಿನ ಮುಚ್ಚಳ, ಎಲ್ಲಕ್ಕೂ ಒಂದು ಷ, ಒಂದು ತಾರೀಖು. ಅದಕ್ಕೆಂದೇ ಕನ್ನಡಕದ ಡಬ್ಬಿಯಲ್ಲಿ ಒಂದು ಮೊಳೆ ಇಟ್ಟುಕೊಂಡಿರುತ್ತಿದ್ದ.

“ನಮ್ಮನೆ ಏಣಿ ಒಂದಿನದ ಮಟ್ಗೆ ಇಸ್ಕಂಡಿದ್ರು,” ಎಂದು ಸೋಮಶೇಖರ್ ಜಗಲಿಯಲ್ಲಿ ಕೂತವರಿಗೆ ಮೆಲ್ಲಗೆ ಹೇಳುತ್ತಿದ್ದ. “ವಾಪಸ್ ಬಂದಾಗ ಅದ್ರ ಮೇಲೂ ಷ ಇತ್ತು. ಸಾರ್, ಇದು ನಮ್ಮ ಏಣಿ ಅಂದೆ. ಗೊತ್ತು ಕಣಯ್ಯ, ನಾನು ವಾಪಸ್ ಕೊಟ್ಟಿದ್ದು ಇದನ್ನೇ ಅಂತ ನಾಳೆ ನೀನು ಒಪ್ಪಬೇಕಲ್ಲ ಅಂದ್ರು.”

ಸಾವಿನ ಮನೆಯೆಂದು ಯಾರೂ ಬಾಯ್ಬಿಟ್ಟು ನಗಲಿಲ್ಲ. ವಿಮಲಮ್ಮನಿಗೆ ಮಾತ್ರ ಆ ಕ್ಷಣ ಗಂಡನನ್ನು ನೆನೆದು ಅಳು ಉಕ್ಕಿ ಬಂತು. ಎಂಥ ಮನುಷ್ಯ! ಯಾರನ್ನೂ ನಂಬಲಿಲ್ಲ, ಯಾರಿಗೂ ಮೋಸವನ್ನೂ ಮಾಡಲಿಲ್ಲ.

ಅಂಗಳದಲ್ಲಿ ನಾಲ್ಕು ಜನ ಬಿದಿರು ಸೀಳಿ, ಹೆಣವನ್ನು ಕೂರಿಸಿ ಹೊತ್ತೊಯ್ಯುವ ವಿಮಾನ ಕಟ್ಟುತ್ತಿದ್ದರು. ಅಲ್ಲೇ ಪಕ್ಕದಲ್ಲಿ ಶಿವನಂಜಪ್ಪ ಅಣ್ಣನ ಮಗ ಶಿವಶಂಕರನ ತೋಳು ಹಿಡಿದುಕೊಂಡು ನಿಂತಿದ್ದ. ಶಿವಶಂಕರ ಎಚ್.ಡಿ. ಕೋಟೆಯ ಬಸ್ ಡಿಪೋದಲ್ಲಿ ಕೆಲಸಕ್ಕಿರುವವನು, ಸಾಧು, ಯಾರು ತೋಳು ಹಿಡಿದರೂ ಬಿಡಿಸಿಕೊಳ್ಳಲು ಬಾರದವನು.

“ಸ್ಟೇಷನ್‌ಗೊಂದು ಅರ್ಜಿ ಕೊಡಾನ ಕಣ್ಲಾ.”

“ಕೊಟ್ರೆ ಪೋಸ್ಟ್ ಮಾರ್ಟಂ ಅಂತಾರೆ ಚಿಕ್ಕಪ್ಪ. ಅಪ್ಪನ್ನ ಕುಯ್ಯೋದ ನನ್ ಕೈಲಿ ನೋಡಕ್ಕಾಗಲ್ಲ.”

“ಕೊಡ್ತೀವಿ ಅಂತ ಹೆದ್ರುಸಾನ ಬುಡು ಮತ್ತೆ. ಆ ನನ್ ಮಗ ಬರೋ ಸೋಮವಾರ ಅಂಗಡಿ ತೆರೀತಾವ್ನಂತೆ, ಬಸ್ ಸ್ಟ್ಯಾಂಡ್ ತಾವ. ಬೋರ್ಡ್ ಬರ್ಸವ್ನೆ, ನಾನೇ ನೋಡ್ಕಂಡು ಬಂದೆ. ಮನ್ಸನ್ನ ಸಾಯ್ಸಿದ ಮೆಕ್ಯಾನಿಕ್ ಅಂತ ನಾಕು ಜನಕ್ಕೆ ಹೇಳುದ್ರೆ ಸಾಕು, ಆ ಬೋರ್ಡ್ ಅವನೇ ಇಳಿಸ್ತಾನೆ.”

ಕಿಟಕಿಯ ಹಿಂದೆ ನಿಂತು ಇದನ್ನೆಲ್ಲ ಕೇಳಿಸಿಕೊಂಡ ವಿಮಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗಂಡನಿಗಾಗಿ ಅಳುತ್ತಿದ್ದಾಳೆಂದು ಸೊಸೆ ಪದ್ಮಶ್ರೀ ಬೆನ್ನು ಸವರಿದಳು.

*

ಮೂರು ವರ್ಷದ ಹಿಂದೆ ಡಿಸೆಂಬರಿನಲ್ಲಿ ಗೀಸರ್ ಕೆಟ್ಟಾಗ ಷಣ್ಮುಖಪ್ಪ ಪಿರಿಯಾಪಟ್ಟಣದಲ್ಲಿ ಮೂರು ಅಂಗಡಿ, ಹುಣಸೂರಿನಲ್ಲಿ ಒಂದು ಅಂಗಡಿ ಸುತ್ತಿ ರಿಪೇರಿಯ ರೇಟು ವಿಚಾರಿಸಿಕೊಂಡು ಬಂದಿದ್ದ. ಹದಿನೈದು ದಿನ ಹಿಡಿಯಿತು. ಅಷ್ಟು ದಿನವೂ ಗಂಡ ಹೆಂಡತಿ ತಣ್ಣೀರಲ್ಲೇ ಮಿಂದರು.

ಕಡೆಗೆ ಆರಿಸಿದ್ದು ಕಿರಣ್‌ಕುಮಾರನನ್ನು. ನೀರು ಕಾಯಿಸುವ ಕಾಯಿಲು ಸುಟ್ಟಿದೆ, ಹೊಸದು ಹಾಕಬೇಕು, ಎಲ್ಲ ಸೇರಿ ಸಾವಿರದ ಎಂಟುನೂರ ಐವತ್ತು ಎಂದು ಅವನು ಹೇಳಿದ್ದ. ಅವನು ಹರಾಜು ಕಟ್ಟೆಯಲ್ಲಿ ಬೇಲು ಹೊರುತ್ತಿದ್ದ ಚಿಕ್ಕಮಾದಯ್ಯನ ಮಗ. “ಗೊತ್ತಿರೋನ ಮಗ. ಮೋಸ ಮಾಡುದ್ರೆ ಹಿಡಿಯಕ್ಕೆ ಸುಲಭ,” ಎಂಬುದು ಷಣ್ಮುಖಪ್ಪ ಕಂಡುಕೊಂಡ ಅನುಕೂಲ.

ಹಿಂದಿನ ದಿನವೇ ಹೆಂಡತಿಗೆ ಪಾಠ ಹೇಳಿದ. “ನೋಡು, ಈ ಜನ ಹಳೇ ಕಾಯಿಲನ್ನ ಕಳಚ್ತಾರೆ, ತೊಳೀತಾರೆ, ಅದನ್ನೇ ಹೊಸದು ಅಂತ ಮತ್ತೆ ಹಾಕ್ತಾರೆ. ತಮ್ ಚೀಲದಲ್ಲಿರೋ ಯಾವುದೋ ಗುಜರೀನ ನಮ್ಮ ಹಳೇದು ಅಂತ ಕೈಗೆ ಕೊಡ್ತಾರೆ. ಅವನು ನಮ್ಮದನ್ನ ಕಳಚಿಟ್ಟ ಕೂಡ್ಲೆ ನಾನು ಅವನನ್ನ ಮಾತಿಗೆಳೀತೀನಿ. ನೀನು ಒಳಗೋಗಿ ಅದ್ರ ತಲೆ ಮೇಲೆ ಈ ಮೊಳೇಲಿ ಒಂದು ಷ ಕೆತ್ತು. ಆಮೇಲೆ ಅವನು ಕೈಗೆ ಕೊಡೋ ಹಳೇದ್ರ ಮೇಲೆ ಷ ಇದ್ರೆ ಅವನು ಸಾಚಾ. ಇಲ್ಲದಿದ್ರೆ ಕಳ್ಳ.”

ಮಾರನೆಯ ದಿನ ಕಿರಣ ಮೇನ್ ಸ್ವಿಚ್ ಆರಿಸಿ ಕೆಲಸ ಶುರು ಮಾಡಿದ. ಬಚ್ಚಲಿಗೆ ಕಿಟಕಿ ಎಂದಿರುವುದು ಅಂಗೈಯಷ್ಟು ಗಾಜು. ಸ್ವಲ್ಪ ಹೊತ್ತಿಗೆ ಷಣ್ಮುಖಪ್ಪ ಅವನನ್ನು ಜಗಲಿಗೆ ಕರೆದು, ನಿಮ್ಮಪ್ಪನ ಮಂಡಿ ನೋವು ಹೇಗಿದೆ ಎಂದು ಎಂದೂ ಕೇಳದ್ದನ್ನು ಕೇಳಿದ. ವಿಮಲಮ್ಮ ಒಳಗೆ ಹೋದಳು. ಕತ್ತಲಲ್ಲಿ ಪೇಪರಿನ ಮೇಲೆ ಒಂದು ಕಾಯಿಲು ಇತ್ತು. ಅಂಥ ವಸ್ತುವನ್ನು ಅವಳು ಹುಟ್ಟಿದಾರಭ್ಯ ಕಂಡಿರಲಿಲ್ಲ. ಹೇಗೋ ಒಂದು ಷ ಗೀಚಿ, ಸೊಟ್ಟಗಾದರೂ ಆಯಿತಲ್ಲ ಎಂದು ಓಡಿ ಬಂದಳು.

ಎಲ್ಲ ಮುಗಿಸಿ ಕಿರಣ ಹಳೇ ಕಾಯಿಲನ್ನು ಪೇಪರಿನಲ್ಲಿ ಸುತ್ತಿ ಕೊಟ್ಟು, ದುಡ್ಡು ಈಸಿಕೊಂಡು ಹೋದ. ಷಣ್ಮುಖಪ್ಪ ಪೇಪರ್ ಬಿಚ್ಚಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಸುಣ್ಣ ಮೆತ್ತಿದಂತೆ ಬೆಳ್ಳಗಿದ್ದ ಅದರ ಮೇಲೆ ಎಲ್ಲೂ ಷ ಇರಲಿಲ್ಲ. ಅವನ ಮುಖ ಅರಳಿತು. ಒಬ್ಬ ಕಳ್ಳ ಸಿಕ್ಕಿದನಲ್ಲ ಎಂಬ ಹರಾಜು ಕಟ್ಟೆಯ ಕಾಲದ ಖುಷಿ.

ವಿಮಲಮ್ಮನ ಮುಖ ಮಾತ್ರ ಬಿಳಿಚಿತು. ಆ ಕಾಯಿಲಿನ ತಲೆಯ ಅಂಚಿನಲ್ಲಿ ಒಂದು ನೀಲಿ ಹನಿ ಇತ್ತು. ಹಿಂದಿನ ವರ್ಷ ಬಚ್ಚಲಿಗೆ ನೀಲಿ ಬಣ್ಣ ಹೊಡೆಸಿದಾಗ ಸಿಡಿದ ಹನಿ. ಗೀಸರಿನ ತಳದ ಮುಚ್ಚಳ ಯಾವತ್ತೋ ಒಡೆದುಹೋಗಿತ್ತು, ಬಣ್ಣ ಅಲ್ಲಿಗೇ ಸಿಡಿದಿತ್ತು. ಇದು ನಮ್ಮದೇ ಹಳೇದು. ಹಾಗಾದರೆ ಕತ್ತಲಲ್ಲಿ ತಾನು ಗೀಚಿದ್ದು ಯಾವುದರ ಮೇಲೆ? ಕಿರಣ ಆಗ ಇನ್ನೂ ಹಳೇದನ್ನು ಕಳಚಿರಲೇ ಇಲ್ಲ. ಹೊಸದನ್ನು ಡಬ್ಬಿಯಿಂದ ತೆಗೆದು ಪೇಪರಿನ ಮೇಲೆ ಇಟ್ಟಿದ್ದ. ಅವಳು ಹೊಸದರ ಮೇಲೆ ಷ ಬರೆದಿದ್ದಳು.

ಅಷ್ಟರಲ್ಲಿ ಷಣ್ಮುಖಪ್ಪ ಬೀದಿಗಿಳಿದಾಗಿತ್ತು. ಈಗ ಹೇಳುತ್ತೇನೆ, ಊಟದ ಹೊತ್ತಿಗೆ ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಅವಳು ಮುಂದೆ ಹಾಕಿದಳು. ಹೇಳಿದರೆ ಆ ಮನುಷ್ಯ ನಂಬುತ್ತಾನೆಯೇ? ಅವನು ನಿನಗೆಷ್ಟು ಕೊಟ್ಟ ಅಂತಲೇ ಮೊದಲ ಪ್ರಶ್ನೆ ಬಂದೀತು. ವಾರ ಕಳೆದು ಹುಣಸೂರಿನ ಮೆಕ್ಯಾನಿಕ್ಕು ಬಂದು ಗೀಸರ್ ಬಿಚ್ಚಿದಾಗ ಒಳಗಿದ್ದ ಕಾಯಿಲಿನ ಮೇಲೆ ಷ ಇತ್ತು. “ಹಳೇದೋ ಹೊಸದೋ?” ಎಂದು ಷಣ್ಮುಖಪ್ಪ ಕೇಳಿದ. “ನಿಮ್ಮೂರ ಬೋರ್‌ವೆಲ್ ನೀರಿಗೆ ವಾರದಲ್ಲೇ ಬೆಳ್ಳಗಾಗ್ತದೆ ಸಾರ್, ನಾನೆಂಗೆ ಹೇಳ್ಲಿ,” ಎಂದು ಅವನು ಜಾರಿಕೊಂಡ. ಷಣ್ಮುಖಪ್ಪನಿಗೆ ಅಷ್ಟೇ ಸಾಕಾಗಿತ್ತು.

ಸಂತೆಯ ದಿನ ತುಂಬಿದ ಬಸ್ ಸ್ಟ್ಯಾಂಡಿನಲ್ಲಿ, ಕಿರಣನ ಅಂಗಡಿಯ ಮುಂದೆ ನಿಂತು ಅವನು ಕೂಗಾಡಿದ. ಕಿರಣ ಹೊಸ ಕಾಯಿಲಿನ ಡಬ್ಬಿ ತಂದು ತೋರಿಸಿದ. “ಖಾಲಿ ಡಬ್ಬಿ ತಿಪ್ಪೇಲೂ ಸಿಕ್ತದೆ,” ಎಂದ ಷಣ್ಮುಖಪ್ಪ. ಸಾವಿರದ ಎಂಟುನೂರ ಐವತ್ತನ್ನೂ ಅಲ್ಲೇ ಕಕ್ಕಿಸಿಕೊಂಡು ಬಂದ. ಎರಡು ತಿಂಗಳಲ್ಲಿ ಅಂಗಡಿಗೆ ಬೀಗ ಬಿತ್ತು. ಕಿರಣ ಅಂತರಸಂತೆಯ ಕಡೆ ಬೈಕಿನಲ್ಲಿ ಹಳ್ಳಿ ಹಳ್ಳಿ ತಿರುಗಿ ಪಂಪ್‌ಸೆಟ್ ರಿಪೇರಿ ಮಾಡತೊಡಗಿದ ಎಂಬ ಸುದ್ದಿ ಬಂತು. ಆ ಸುದ್ದಿ ಕೇಳಿದ ದಿನ ವಿಮಲಮ್ಮನಿಗೆ ಅನ್ನ ಸೇರಲಿಲ್ಲ.

*

“ಬಂದ ನೋಡ್ರಪ್ಪ! ಏನ್ ಧೈರ್ಯ!” ಎಂದು ಅಂಗಳದಲ್ಲಿ ಯಾರೋ ಕೂಗಿದರು.

ಗೇಟಿನಲ್ಲಿ ಕಿರಣ್‌ಕುಮಾರ ಸೇವಂತಿಗೆ ಹಾರ ಹಿಡಿದು ನಿಂತಿದ್ದ. ಅವನ ಹೆಗಲಿಗೆ ಆತುಕೊಂಡು ಮಂಡಿ ಸವೆದ ಮುದುಕ ಚಿಕ್ಕಮಾದಯ್ಯ. ಶಿವನಂಜಪ್ಪ ಎರಡೇ ಹೆಜ್ಜೆಗೆ ಅಂಗಳ ದಾಟಿ ಗೇಟಿಗೆ ಅಡ್ಡ ನಿಂತ.

“ಯಾಕ್ ಬಂದೆ? ನಿನ್ ಕೆಲ್ಸ ಸರಿಯಾಗದಾ ಅಂತ ನೋಡಕ್ ಬಂದ್ಯಾ?”

“ಹಾರ ಹಾಕ್ಬುಟ್ಟು ಒಂಟೋಯ್ತೀವಿ,” ಎಂದ ಕಿರಣ. ಅವನ ಮುಖದಲ್ಲಿ ದುಃಖವಿರಲಿಲ್ಲ, ಇದ್ದಂತೆ ತೋರಿಸಿಕೊಳ್ಳುವ ಗೋಜಿಗೂ ಅವನು ಹೋಗಿರಲಿಲ್ಲ. “ನಂಗೇನೂ ಬರೋ ಆಸೆ ಇರ್ಲಿಲ್ಲ. ನಮ್ಮಪ್ಪ ಬುಡ್ಲಿಲ್ಲ.”

ಚಿಕ್ಕಮಾದಯ್ಯ ಕೈ ಮುಗಿದ. “ಮೂವತ್ತು ವರ್ಸ ಒಂದೇ ಕಟ್ಟೇಲಿ ದುಡುದ್ವಿ ಸೋಮಿ. ನಮ್ ಷಣ್ಮುಖಪ್ಪೋರು ತಕ್ಕಡಿ ತಾವ ನಿಂತ್ರೆ ನೂರು ಗ್ರಾಮು ಅತ್ಲಾಗೆ ಇತ್ಲಾಗೆ ಆಯ್ತಿರ್ಲಿಲ್ಲ. ಕಂಪನಿಯೋರು ತೂಕ ಒಡೆಯಕ್ಕೆ ಬಂದ್ರೆ ಅವ್ರಿಗೂ ಬೈಯೋರು. ಅದ ನೆನ್ಸ್ಕಂಡು ಬಂದೆ.”

“ನೆನ್ಸ್ಕಬುಟ್ಟು ನಿನ್ ಮಗನ ಕೈಲಿ ಹಳೇ ಕಾಯಿಲ್ ಹಾಕ್ಸಿ ಸಾಯ್ಸುದ್ಯಾ?”

ಅಂಗಳದಲ್ಲಿ ಬಿದಿರು ಸೀಳುವ ಸದ್ದು ನಿಂತಿತು. ಕಿರಣನಿಗೆ ಮೊದಲು ಅರ್ಥವಾಗಲಿಲ್ಲ. ಆದಾಗ ಕೈಯಲ್ಲಿದ್ದ ಹಾರ ಕೆಳಗೆ ಬಿತ್ತು. ಸುತ್ತ ನಿಂತವರು ಒಬ್ಬೊಬ್ಬರಾಗಿ ಹತ್ತಿರ ಬಂದರು. ಶಾಕಂತೆ, ಗೀಸರಂತೆ, ಇವನೇ ಅಂತೆ ಎಂಬ ಪಿಸುಮಾತು ಜಗಲಿಯಿಂದ ಬೀದಿಯವರೆಗೂ ಹೋಯಿತು. “ಪೊಲೀಸ್ನೋರು ಬರ್ಲಿ,” ಎಂದಿತು ಒಂದು ದನಿ. “ಅಂಗಡಿ ಬೇರೆ ತೆರೀತಾನಂತೆ,” ಎಂದಿತು ಇನ್ನೊಂದು.

ವಿಮಲಮ್ಮ ಗಂಡನ ಕಾಲ ಬಳಿ ಕೂತು ಇದನ್ನು ಕೇಳಿದಳು. ಈಗಲೂ ಸುಮ್ಮನಿದ್ದರೆ ಸುಮ್ಮನಿರಬಹುದಿತ್ತು. ಗಂಡ ಸತ್ತವಳನ್ನು ಇವತ್ತು ಯಾರೂ ಏನೂ ಕೇಳುವುದಿಲ್ಲ. ಮಾತಾಡಿದರೆ ಗಂಡನ ಮುಖದ ಮುಂದೆಯೇ, ಮಣ್ಣಿಗೆ ಹೋಗುವ ದಿನವೇ, ಅವನು ತಪ್ಪು ಮಾಡಿದ ಎಂದಂತಾಗುತ್ತದೆ. ತಾನು ಮೂರು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೆ ಎಂದೂ ಆಗುತ್ತದೆ. ಅವಳು ಷಣ್ಮುಖಪ್ಪನ ಮುಖ ನೋಡಿದಳು. ಮುಚ್ಚಿದ ಕಣ್ಣಿನಲ್ಲೂ ಏನನ್ನೋ ಪರೀಕ್ಷೆ ಮಾಡುತ್ತಿರುವ ಅದೇ ಮುಖ.

*

ಇನ್ನೊಂದು ಸಂಗತಿಯೂ ಇತ್ತು, ಅದು ಅವಳನ್ನು ಈ ಮೂರು ವರ್ಷ ಒಳಗೊಳಗೇ ಕೊರೆದಿತ್ತು.

ಗಲಾಟೆಯಾದ ಮೇಲಿನ ಶಿವರಾತ್ರಿ. ಬೆಳಗ್ಗೆ ಷಣ್ಮುಖಪ್ಪ ಅಟ್ಟ ಹತ್ತಿ ಧೂಳು ಹೊಡೆಯುತ್ತಿದ್ದ. ಮಧ್ಯದಲ್ಲಿ ಇಳಿದು ಬಂದು ಬಚ್ಚಲಿಗೆ ಹೋದ. ಗೀಸರಿನ ಕೆಳಗೆ ನಿಂತು ಬಹಳ ಹೊತ್ತು ಕತ್ತೆತ್ತಿ ನೋಡಿದ. ಆಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು, ಗೆಣಸಿನ ಸಿಪ್ಪೆ ತೆಗೆಯುತ್ತಿದ್ದ ಹೆಂಡತಿಯನ್ನು ನೋಡುತ್ತಾ ನಿಂತ.

“ಆವತ್ತು ಮೇನ್ ಆಫ್ ಆಗಿತ್ತಲ್ವಾ?” ಎಂದ.

ವಿಮಲಮ್ಮನ ಕೈಯಲ್ಲಿದ್ದ ಚಾಕು ನಿಂತಿತು. “ಯಾವತ್ತು?”

“ಒಂಚೂರು ಕಾಫಿ ಮಾಡು,” ಎಂದ. ಆಮೇಲೆ ಏಣಿ ಹತ್ತಿ ಮತ್ತೆ ಅಟ್ಟ ಸೇರಿದ.

ಅಂದಿನಿಂದ ಅವಳಿಗೆ ಅನುಮಾನ. ಇವನಿಗೆ ಗೊತ್ತಾಗಿದೆಯೇ? ಗೊತ್ತಾಗಿದ್ದರೆ ಸುಮ್ಮನಿರುವ ಜಾತಿಯೇ ಅಲ್ಲವಲ್ಲ! ಆದರೆ ಬಂದವರಿಗೆಲ್ಲ ಗೀಸರಿನ ಕಥೆ ಹೇಳುತ್ತಿದ್ದವನು ಆಮೇಲೆ ಅದರ ಸುದ್ದಿ ಎತ್ತಲಿಲ್ಲ. ಬೇರೆಯವರು ಎತ್ತಿದರೆ ಎದ್ದು ಹೊರಗೆ ಹೋಗುತ್ತಿದ್ದ. ದಿನವೂ ಎದುರುಬದುರು ಕೂತು ಉಂಡರೂ ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ನಾಲ್ವತ್ತಾರು ವರ್ಷ ಅನುಮಾನದ ಮನುಷ್ಯನ ಜೊತೆ ಬದುಕಿದ ಅವಳು, ಕೊನೆಯ ಮೂರು ವರ್ಷ ತಾನೇ ಅವನ ಮೇಲೆ ಅನುಮಾನಪಟ್ಟುಕೊಂಡು ಕಳೆದಿದ್ದಳು.

*

“ಶಿವನಂಜಪ್ಪ, ಬುಡು ಅವನ್ನ,” ಎಂದಳು ವಿಮಲಮ್ಮ.

ಹೊಸಿಲಲ್ಲಿ ನಿಂತ ಅವಳನ್ನು ಎಲ್ಲರೂ ನೋಡಿದರು. ಸೆರಗು ಜಾರಿತ್ತು, ದನಿ ಮಾತ್ರ ಅವಳಿಗೇ ಆಶ್ಚರ್ಯವಾಗುವಷ್ಟು ಗಟ್ಟಿಯಾಗಿತ್ತು.

“ಅವನು ಹೊಸದನ್ನೇ ಹಾಕಿದ್ದ. ಹಳೇದ್ರ ಮೇಲೆ ಷ ಬರಿ ಅಂತ ನಿಮ್ಮಣ್ಣ ನಂಗೆ ಹೇಳಿದ್ರು. ಕತ್ಲಲ್ಲಿ ತಿಳೀದೆ ಹೊಸದ್ರ ಮೇಲೆ ಬರ್ದೋಳು ನಾನು. ಆವತ್ತು ಸಾಯಂಕಾಲವೇ ನಂಗೆ ಗೊತ್ತಾಯ್ತು. ಹೇಳ್ಲಿಲ್ಲ. ಹೆದ್ರಿಕೆ ಆಯ್ತು, ಹೇಳ್ಲಿಲ್ಲ. ಈ ಹುಡುಗನ ಹೊಟ್ಟೆ ಮೇಲೆ ಹೊಡ್ದೋಳು ನಾನು ಕಣ್ರಪ್ಪ.”

ಪಕ್ಕದ ಮನೆಯ ಚಿಕ್ಕಬೀರಮ್ಮ ಬಂದು ಅವಳ ರಟ್ಟೆ ಹಿಡಿದಳು. “ಬ್ಯಾಡ ಕಣವ್ವ, ಬೆಳಗ್ಗಿಂದ ಒಂದು ತೊಟ್ಟು ನೀರು ಕುಡುದಿಲ್ಲ ನೀನು. ಏನೇನೋ ಮಾತಾಡ್ತಿದ್ದೀಯ, ಬಾ ಒಳೀಕೆ.”

“ಅತ್ಗೆಗೆ ಮನ್ಸು ಸರಿಯಿಲ್ಲ,” ಎಂದ ಶಿವನಂಜಪ್ಪ. “ಇಲ್ಲಾ, ಇವನು ಮೊದ್ಲೇ ಬಂದು ಏನಾದ್ರೂ ಹೇಳ್ಕೊಟ್ಟವ್ನೆ. ಸಾಕ್ಷಿ ಅಟ್ಟದ ಮೇಲದೆ ಕಣ್ರೀ. ಇವನು ಕೊಟ್ಟ ಕಾಯಿಲ ಅಣ್ಣ ಪೇಪರ್ ಸುತ್ತಿ ಮಡಗವ್ನೆ, ನಂಗೇ ತೋರ್ಸಿದ್ದ. ಅದ್ರ ಮೇಲೆ ಗುರುತಿಲ್ಲ. ಶಿವಶಂಕರ, ಇಳ್ಸಲಾ ಅದ.”

ಶಿವಶಂಕರ ಅಟ್ಟದಿಂದ ಹಗ್ಗ ಕಟ್ಟಿದ ಪೊಟ್ಟಣ ತಂದ. ಶಿವನಂಜಪ್ಪ ಅದನ್ನು ಜಗಲಿಯ ಬೆಳಕಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಬಿಚ್ಚಿದ. ಸುಣ್ಣ ಕಟ್ಟಿದ ಕಾಯಿಲು, ಅಂಚಿನಲ್ಲಿ ನೀಲಿ ಹನಿ. ಅವನು ಅದನ್ನು ಎತ್ತಿ ಹಿಡಿದು ತಿರುಗಿಸಿದ. ತಿರುಗಿಸುತ್ತಿದ್ದ ಕೈ ತಟ್ಟನೆ ನಿಂತಿತು.

“ಏನೋ ಬರ್ದದೆ,” ಎಂದ ಸೋಮಶೇಖರ್ ಬಗ್ಗಿ. “ಷ. ಪಕ್ಕದಲ್ಲಿ… ಒಂದು, ಮೂರು, ಇಪ್ಪತ್ತೆರಡು.”

ಕಿರಣ ಗುಂಪನ್ನು ಸರಿಸಿ ಮುಂದೆ ಬಂದ. ಬೆರಳಿನಿಂದ ಆ ಗುರುತನ್ನು ಸವರಿದ. “ನಾನು ಕೊಟ್ಟಾಗ ಇದಿರ್ಲಿಲ್ಲ. ಸುಣ್ಣ ಕಟ್ಟಿರೋದ್ರ ಮೇಲೆ ಕೆರ್ದವ್ರೆ ನೋಡಿ. ಆಮೇಲೆ ಬರ್ದಿರೋದು.”

ಯಾರು ಬರೆದದ್ದೆಂದು ವಿಮಲಮ್ಮನಿಗೆ ಯಾರೂ ಹೇಳಬೇಕಿರಲಿಲ್ಲ. ಷದ ಹೊಟ್ಟೆ ದುಂಡಗೆ, ಗೆರೆ ನೆಟ್ಟಗೆ, ತಾರೀಖಿನ ನಡುವೆ ಅಳೆದಂತೆ ಜಾಗ. ಲಕ್ಷಾಂತರ ಬೇಲುಗಳ ಮೇಲೆ ಬರೆದ ಕೈ ಅದು. ಮೊದಲನೇ ಮಾರ್ಚಿ, ಆ ವರ್ಷದ ಶಿವರಾತ್ರಿ. ಅಟ್ಟದ ಮೇಲೆ ಅವನಿಗೆ ನೀಲಿ ಹನಿ ಕಂಡಿತ್ತು. ಇಳಿದು ಬಂದು ಗೀಸರ್ ನೋಡಿದ್ದ. ಬಾಗಿಲಲ್ಲಿ ನಿಂತು, ಅಂದು ಬಚ್ಚಲು ಕತ್ತಲಾಗಿತ್ತಲ್ಲ ಎಂಬರ್ಥದ ಒಂದು ಮಾತು ಕೇಳಿದ್ದ. ಅವಳು ಏನೂ ತಿಳಿಯದವಳಂತೆ ಯಾವತ್ತು ಎಂದಿದ್ದಳು. ಕಾಫಿ ಕುಡಿದು ಮೇಲೆ ಹತ್ತಿ, ಅವಳು ಬರೆಯಬೇಕಾಗಿದ್ದ ಕಡೆ ತಾನೇ ಬರೆದಿಟ್ಟಿದ್ದ. ಅಯ್ಯೋ, ಇದನ್ನು ಒಂದು ದಿನ ಬಾಯಿ ಬಿಟ್ಟು ಹೇಳಲಾಗಲಿಲ್ಲವೇ ನಿಮಗೆ? ನನಗೂ ಆಗಲಿಲ್ಲವಲ್ಲ!

“ಮೂರು ವರ್ಷ,” ಎಂದ ಕಿರಣ. “ನಿಮ್ಗೂ ಗೊತ್ತಿತ್ತು. ಅವ್ರಿಗೂ ಗೊತ್ತಿತ್ತು. ನಾನು ಮಳೇಲಿ ಬಿಸ್ಲಲ್ಲಿ ಬೇಗೂರು ಗಡಿವರ್ಗೂ ಬೈಕ್ ಓಡುಸ್ಕಂಡು ತಿರುಗ್ತಿದ್ದೆ ಅಮ್ಮೋರೆ.”

ವಿಮಲಮ್ಮ ತಲೆ ತಗ್ಗಿಸಿದಳು.

ಶಿವನಂಜಪ್ಪ ಅಷ್ಟಕ್ಕೇ ಸೋಲುವವನಲ್ಲ. “ಇದ್ರಲ್ಲೂ ಷ, ಒಳಗೂ ಷ ಅಂದ್ರೆ ಯಾವುದ ನಂಬಾದು? ಬಿಚ್ಚಿ ತೋರ್ಸು ಮತ್ತೆ.”

“ನಾನು ಮುಟ್ಟಲ್ಲ,” ಎಂದ ಕಿರಣ. “ಒಂದ್ಸಲ ಮುಟ್ಟಿ ಕಳ್ಳ ಆದೆ.”

“ಮುಟ್ಟು ಮಗ,” ಎಂದ ಚಿಕ್ಕಮಾದಯ್ಯ ಜಗಲಿಯ ಕಂಬಕ್ಕೆ ಒರಗಿಕೊಂಡೇ. “ಇಷ್ಟು ಜನ ಇನ್ನೊಂದಿನ ಸೇರಲ್ಲ.”

ಮೇನ್ ಸ್ವಿಚ್ಚನ್ನು ವಿಮಲಮ್ಮನೇ ಹೋಗಿ ಆರಿಸಿದಳು. ಬಚ್ಚಲು ಅಂದಿನ ಹಾಗೆಯೇ ಕತ್ತಲಾಯಿತು. ಸೋಮಶೇಖರ್ ಮೊಬೈಲಿನ ಟಾರ್ಚು ಹಿಡಿದ. ಕಿರಣ ಬೈಕಿನ ಡಬ್ಬಿಯಿಂದ ಸ್ಪ್ಯಾನರ್ ತಂದು, ಮೊದಲು ಗೀಸರಿನ ಹೊಟ್ಟೆಯ ನೀರನ್ನು ಬಕೆಟ್ಟಿಗೆ ಬಿಟ್ಟ. ಬೀಳುವ ನೀರಿಗೆ ಕೈಯೊಡ್ಡಿದ ವಿಮಲಮ್ಮ ಹಾಗೇ ನಿಂತುಬಿಟ್ಟಳು. ಇನ್ನೂ ಬೆಚ್ಚಗಿತ್ತು.

“ಚೆಲ್ಬ್ಯಾಡಿ,” ಎಂದಳು. “ಅವರೇ ಕಾಸ್ಕಂಡಿದ್ದ ನೀರು. ಅವರಿಗೇ ಹಾಕಾನ.”

ಚಿಕ್ಕಬೀರಮ್ಮ ಹೊರಗೆ ಮೂರು ಕಲ್ಲು ಹೂಡಿ ಹೊತ್ತಿಸಲು ಹೊರಟಿದ್ದ ಸೌದೆಯನ್ನು ಬದಿಗಿಟ್ಟಳು. ಬದುಕಿದ್ದವರಿಗೆ ಬಿಸಿನೀರಿನ ಮೇಲೆ ತಣ್ಣೀರು ಬೆರೆಸುತ್ತಾರೆ, ಸತ್ತವರಿಗೆ ತಣ್ಣೀರಿನ ಮೇಲೆ ಬಿಸಿನೀರು. ಅವಳು ಕೊಳಗಕ್ಕೆ ಮೊದಲು ತಣ್ಣೀರು ಹೊಯ್ದು, ಅದರ ಮೇಲೆ ಆ ಬಕೆಟ್ಟನ್ನು ಬಗ್ಗಿಸಿದಳು. ಮಗ, ತಮ್ಮ ಸೇರಿ ಷಣ್ಮುಖಪ್ಪನನ್ನು ಮೀಯಿಸಿದರು. ಶಿವನಂಜಪ್ಪ ಅಣ್ಣನ ಬೆನ್ನುಜ್ಜುತ್ತಾ ಆಗ ಅತ್ತ.

ಮೈಗೆ ವಿಭೂತಿ ಬಳಿದು, ರುಮಾಲು ಸುತ್ತಿ, ಗೋಡೆಗೆ ಒರಗಿಸಿ ಕೂರಿಸುವ ಹೊತ್ತಿಗೆ ಕಿರಣ ಒಳಗಿದ್ದ ಕಾಯಿಲನ್ನು ಹಿಡಿದು ಹೊರಗೆ ಬಂದ. ಒದ್ದೆ ಬಟ್ಟೆಯಲ್ಲಿ ಉಜ್ಜಿ ಹಳೇದರ ಪಕ್ಕದಲ್ಲಿ ಪೇಪರಿನ ಮೇಲಿಟ್ಟ. ಎಲ್ಲೂ ಒಡೆದಿರಲಿಲ್ಲ, ಸುಟ್ಟಿರಲಿಲ್ಲ. ಅದರ ಮೇಲೂ ಷ ಇತ್ತು. ಸೊಟ್ಟಗೆ, ಕೋಳಿ ಕೆರೆದಂತೆ, ತಾರೀಖಿಲ್ಲದೆ.

ಎಲ್ಲರೂ ಬಗ್ಗಿ ನೋಡಿದರು. ಬಗ್ಗಿದವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಬಸ್ ಸ್ಟ್ಯಾಂಡಿನಲ್ಲಿ ಅವತ್ತು ಷಣ್ಮುಖಪ್ಪನ ಪಕ್ಕದಲ್ಲಿ ನಿಂತು ಕೂಗಿದ್ದ ಸೋಮಶೇಖರ್ ಕೆಳಗೆ ಬಿದ್ದಿದ್ದ ಸೇವಂತಿಗೆ ಹಾರವನ್ನು ಎತ್ತಿ, ಮಣ್ಣು ಕೊಡವಿ ಕಿರಣನ ಕೈಗೆ ಕೊಟ್ಟ. ಕಿರಣ ಅದನ್ನು ಅಪ್ಪನಿಗೆ ಕೊಟ್ಟ. ಚಿಕ್ಕಮಾದಯ್ಯ ಕುಂಟುತ್ತಾ ಹೋಗಿ ಷಣ್ಮುಖಪ್ಪನ ಕೊರಳಿಗೆ ಹಾಕಿದ. ಶಿವನಂಜಪ್ಪ ತಡೆಯಲಿಲ್ಲ.

“ಎಷ್ಟಾಯ್ತದೆ?” ಎಂದು ವಿಮಲಮ್ಮ ಕಿರಣನನ್ನು ಕೇಳಿದಳು.

ಅವನು ಅವಳ ಮುಖವನ್ನೇ ನೋಡಿದ. ಸಾವಿನ ಮನೆ, ಇರಲಿ ಬಿಡಿ ಎಂದು ಅವನ ಬಾಯಲ್ಲಿ ಬರಲಿಲ್ಲ.

“ಆವತ್ತು ಹೇಳಿದ್ದೇ. ಸಾವಿರದ ಎಂಟುನೂರ ಐವತ್ತು.”

ಅವಳು ಬೀರುವಿನಲ್ಲಿದ್ದ ಗಂಡನ ಪರ್ಸಿನಿಂದ ತಂದು, ಅಷ್ಟು ಜನರ ನಡುವೆ ಅವನ ಕೈಗೆ ಕೊಟ್ಟಳು. ಕಿರಣ ಜೇಬಿಗೆ ಹಾಕಿಕೊಂಡ.

“ಇದ ವಾಪಸ್ ಹಾಕ್ಲಾ? ಮಣ್ಣು ಮಾಡಿ ಬಂದೋರಿಗೆ ನೀರು ಬೇಕಲ್ಲ.”

“ಹಾಕಪ್ಪ. ಒಂದ್ ನಿಮ್ಸ ತಡಿ,” ಎಂದಳು ವಿಮಲಮ್ಮ.

ಷಣ್ಮುಖಪ್ಪನ ದಿಂಬಿನ ಬಳಿ ಕನ್ನಡಕದ ಡಬ್ಬಿ ಇತ್ತು. ಅದರಿಂದ ಮೊಳೆ ತೆಗೆದುಕೊಂಡು ಬಂದು ಅವನ ಎದುರಿಗೇ ಕೂತಳು. ಹೊಸ ಕಾಯಿಲನ್ನು ಮಡಿಲಲ್ಲಿ ಇಟ್ಟುಕೊಂಡಳು. ಗಂಟೆ, ಶಂಖ ಹಿಡಿದು ಅಯ್ಯನವರು ಬಂದಿದ್ದರು. ವಿಮಾನ ಎತ್ತುವವರು ಹೆಗಲಿಗೆ ಟವೆಲ್ ಹಾಕಿಕೊಂಡು ಒಳಗೆ ಬಂದು, ಅವಳನ್ನು ಕಂಡು ನಿಂತರು. ವಿಮಲಮ್ಮ ತನ್ನ ಸೊಟ್ಟ ಷದ ಪಕ್ಕದಲ್ಲಿ, ಒಂದೊಂದೇ ಅಂಕೆಯನ್ನು ಒತ್ತಿ ಒತ್ತಿ, ಇವತ್ತಿನ ತಾರೀಖು ಕೆತ್ತತೊಡಗಿದಳು.